ಹಳೇ ಪುಸ್ತಕದ ನ್ಯಾಯವಾದ ಕ್ರಯ

ಬೇಸಿಗೆಯ ರಜೆಯಲ್ಲಿ, ಪಟ್ಟಣಗಳಲ್ಲಿ ಓದುವ ನಮ್ಮ ಮಕ್ಕಳು ಊರಿಗೆ ಬರುವಾಗ ಕೆಲವರ ಚೀಲಗಳಲ್ಲಿ ಹಳೇ ಪುಸ್ತಕಗಳಿರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಕಂಡವರು ಇದನ್ನು ಬಲ್ಲರು. ಅಲ್ಲಿ ಒಬ್ಬ ವಿದ್ಯಾರ್ಥಿಯು ಓದಿ ಬಿಟ್ಟ ಪುಸ್ತಕವು ಅರ್ಧ ಕ್ರಯಕ್ಕೋ ಅದಕ್ಕೂ ಕಡಿಮೆಗೋ ಮತ್ತೊಬ್ಬನ ಕೈಸೇರುತ್ತದೆ. ಬಡವರ ಮಕ್ಕಳಿಗೆ ಇದು ದೊಡ್ಡ ಸಹಾಯ. ಹಳೇ ಪುಸ್ತಕವೆಂದು ಯಾರೂ ನಾಚಬೇಕಾಗಿಲ್ಲ. ಸೆರೆಯಲ್ಲಿದ್ದ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕಡೆಯ ಅಧ್ಯಾಯದಲ್ಲಿ ತಾನು ಬಿಟ್ಟುಬಂದ ಮೇಲಂಗಿಯೊಂದಿಗೆ ಪುಸ್ತಕಗಳನ್ನೂ ಕೇಳಿ ಕಳುಹಿಸಿದನಲ್ಲವೇ? ಚಳಿಗೆ ಅಂಗಿ ಹೇಗೆ ಬೇಕೋ ಹಾಗೆಯೇ ಸೆರೆಯ ಒಂಟಿತನಕ್ಕೆ ಅವನಿಗೆ ಪುಸ್ತಕಗಳು ಬೇಕಾಗಿದ್ದವು.

ಆದರೆ ಈ ಹಳೇ ಪುಸ್ತಕಗಳ ವಿಷಯದಲ್ಲಿಯೇ ನಮ್ಮ ಸಭೆಯ ಒಬ್ಬ ಯೌವನಸ್ಥನು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಅದು ಪುಸ್ತಕ ಕೊಳ್ಳುವವರಿಗೆ ಮಾತ್ರವಲ್ಲ, ಸಂತೆಯಲ್ಲಿ ಎತ್ತು ಕೊಳ್ಳುವವರಿಗೂ ಸಂಬಂಧಪಟ್ಟದ್ದಾಗಿರುವದರಿಂದ ಇಲ್ಲಿ ವಿಚಾರಿಸುತ್ತೇವೆ.

ಸಂಗತಿ ಹೀಗೆ. ಅವನು ಪಟ್ಟಣದ ಕಾಲೇಜಿನಲ್ಲಿ ಕನ್ನಡವನ್ನು ಓದುವವನು. ರಜೆಯಲ್ಲಿ ಊರಿಗೆ ಬಂದಾಗ, ನೆರೆಯ ವಿಧವೆಯಾದ ಅಜ್ಜಿಯೊಬ್ಬರು ಶಾಲಾ ಉಪಾಧ್ಯಾಯರಾಗಿದ್ದ ತಮ್ಮ ಗಂಡನ ಪುಸ್ತಕದ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕಕ್ಕೆ ಕೊಡಬೇಕೆಂದು ಜಗಲಿಗೆ ತಂದಿಟ್ಟಿದ್ದರು. ಅದರಲ್ಲಿ ಇವನ ಕಣ್ಣಿಗೆ ಬಿದ್ದದ್ದು ಕಿಟ್ಟೆಲ್ ಪಂಡಿತರ ಕನ್ನಡ–ಇಂಗ್ಲಿಷ್ ನಿಘಂಟು. 1894ನೇ ಇಸವಿಯಲ್ಲಿ ಮಂಗಳೂರಿನ ಬಾಸೆಲ್ ಮಿಶನಿನವರು ಪ್ರಕಟಿಸಿದ ಮೊದಲನೆಯ ಮುದ್ರಣ. ಸುಮಾರು 70,000 ಶಬ್ದಗಳುಳ್ಳ ಆ ಗ್ರಂಥದ ಮೂಲ ಪ್ರತಿಯು ಈಗ ದುರ್ಲಭವೆಂದೂ ಅದಕ್ಕೆ ಸಾವಿರಗಟ್ಟಲೆ ರೂಪಾಯಿ ಕೊಡುವವರಿದ್ದಾರೆಂದೂ ಇವನು ಬಲ್ಲನು. ಅಜ್ಜಿ ಅರಿಯರು. “ಇದನ್ನು ನಾನು ಕೊಳ್ಳಲೇ ಅಜ್ಜೀ?” ಎಂದನು. “ಗುಜರಿಯವನು ಕೊಡುವಷ್ಟು ಕೊಡು ಮಗಾ” ಎಂದರು. ಇವನು ನೂರು ರೂಪಾಯಿ ಕೊಟ್ಟನು. ತೂಕದ ಲೆಕ್ಕಕ್ಕಿಂತ ಹೆಚ್ಚಾಯಿತೆಂದು ಅವರು ಇವನನ್ನು ಹರಸಿದರು. ಆ ಹರಕೆಯೇ ರಾತ್ರಿ ಇವನಿಗೆ ನಿದ್ರೆ ಬಾರದಂತೆ ಮಾಡಿತು.

ಮರುದಿನ ನಮ್ಮ ಬಳಿಗೆ ಬಂದು, “ನಾನು ಸುಳ್ಳಾಡಲಿಲ್ಲ, ಕೇಳಿದ ಬೆಲೆಗಿಂತ ಹೆಚ್ಚೇ ಕೊಟ್ಟೆನು. ಸುಮ್ಮನಿದ್ದದ್ದು ಪಾಪವೋ?” ಎಂದು ಕೇಳಿದನು.

ಸರಕಾರದ ಕಾಯಿದೆಯನ್ನು ಕೇಳಿದರೆ ಅದು ಇವನನ್ನು ಹಿಡಿಯುವದು ಕಷ್ಟ. 1872ನೇ ಇಸವಿಯ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹೇಳಲೇಬೇಕಾದ ಹೊಣೆ ಇರುವ ಸ್ಥಳದಲ್ಲಿಯೂ, ಮೌನವೇ ಮಾತಿಗೆ ಸಮನಾಗುವ ಸ್ಥಳದಲ್ಲಿಯೂ ಹೊರತು ಬರೇ ಸುಮ್ಮನಿರುವದು ಮೋಸವಲ್ಲ. ಕೊಳ್ಳುವವನೂ ಮಾರುವವನೂ ತಂತಮ್ಮ ಕಣ್ಣು ತೆರೆದಿರಬೇಕೆಂಬುದು ಪೇಟೆಯ ನಡತೆ. ಆದರೆ ಕಾಯಿದೆಯು ಹೊಲದ ಬೇಲಿಯಂತೆ; ಹೊರಗಿನ ದನವನ್ನು ತಡೆಯುವದೇ ಹೊರತು ಒಳಗೆ ಪೈರನ್ನು ಬೆಳೆಸಲಾರದು. ಶಿಕ್ಷೆಯಿಲ್ಲದ್ದೆಲ್ಲವೂ ನೀತಿಯೆಂದು ಕ್ರೈಸ್ತನು ಎಣಿಸಲಾರನು.

ಈ ಪ್ರಶ್ನೆ ಹೊಸದೂ ಅಲ್ಲ. ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿದ್ದು 430ನೇ ಇಸವಿಯಲ್ಲಿ ತೀರಿಹೋದ ಅಗಸ್ತೀನನು ತ್ರಿಯೇಕ ದೇವರ ಕುರಿತು ಬರೆದ ಗ್ರಂಥದ 13ನೆಯ ಭಾಗದಲ್ಲಿ ಒಂದು ಕಥೆಯನ್ನು ಹೇಳುತ್ತಾನೆ. ಒಬ್ಬ ನಾಟಕದವನು, ಮುಂದಿನ ಆಟದಲ್ಲಿ ಎಲ್ಲರ ಮನಸ್ಸಿನಲ್ಲಿರುವದನ್ನು ತಿಳಿಸುವೆನೆಂದು ಸಾರಿದನಂತೆ. ಜನರು ಗುಂಪುಗೂಡಿ ಬಂದಾಗ, ಅಗ್ಗವಾಗಿ ಕೊಂಡು ತುಟ್ಟಿಯಾಗಿ ಮಾರುವದೇ ನಿಮ್ಮೆಲ್ಲರ ಇಷ್ಟವೆಂದನು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅಗಸ್ತೀನನು ಇದನ್ನು ಒಪ್ಪುವದಿಲ್ಲ. ತನಗೆ ಗೊತ್ತಿದ್ದ ಒಬ್ಬನ ಬಳಿಗೆ ಒಂದು ಪುಸ್ತಕವು ಕ್ರಯಕ್ಕೆ ಬಂತೆಂದೂ, ಮಾರುವವನು ಅದರ ಯೋಗ್ಯತೆಯನ್ನರಿಯದೆ ಅತಿ ಸ್ವಲ್ಪ ಕೇಳಿದನೆಂದೂ, ಕೊಳ್ಳುವವನು ಅದನ್ನು ಅರಿತು, ಮಾರುವವನು ನೆನಸದಿದ್ದ ನ್ಯಾಯವಾದ ಕ್ರಯವನ್ನೇ ಕೊಟ್ಟನೆಂದೂ ಬರೆಯುತ್ತಾನೆ. ಆ ಕಾಲದಲ್ಲಿ ಪ್ರತಿಯೊಂದು ಪುಸ್ತಕವೂ ಕೈಬರಹ; ಅದರ ಬೆಲೆ ಅಲ್ಪವಲ್ಲ. ಅಂತೂ ಆ ಅಜ್ಜಿಯ ಜಗಲಿಯಲ್ಲಿ ನಡೆದ ಸಂಗತಿಯೇ ಸುಮಾರು ಸಾವಿರದ ಆರುನೂರು ವರುಷಗಳ ಹಿಂದೆ ಬೇರೊಬ್ಬನಿಗೆ ಎದುರಾಗಿತ್ತು. ಅವನು ಬೇರೆ ದಾರಿಯನ್ನು ಆರಿಸಿಕೊಂಡನು.

ಯೌವನಸ್ಥನು ಸತ್ಯವೇದವನ್ನು ಓದಿದವನಾದದರಿಂದ ಎದುರು ಪ್ರಶ್ನೆ ಹಾಕಿದನು. “ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದ ಸಾಮ್ಯದಲ್ಲಿ ಹೊಲದಲ್ಲಿ ನಿಕ್ಷೇಪವನ್ನು ಕಂಡವನು ಅದನ್ನು ಹೊಲದ ಒಡೆಯನಿಗೆ ತಿಳಿಸದೆ ಹೊಲವನ್ನು ಕೊಂಡನಲ್ಲ?” ಜಾಣತನದ ಮಾತೇ ಸರಿ. ಇದಕ್ಕೆ ನಮ್ಮ ಉತ್ತರವೇನಂದರೆ, ಸಾಮ್ಯವು ಒಂದು ವಿಷಯವನ್ನು ಕಲಿಸಲು ಹೇಳಲ್ಪಟ್ಟದ್ದು. ಕರ್ತನು ತನ್ನ ಬರೋಣವನ್ನು ಕಳ್ಳನು ಬರುವದಕ್ಕೆ ಹೋಲಿಸಿದನು. ಅದರಿಂದ ಕಳವು ಒಳ್ಳೇದಾಗಲಿಲ್ಲ. ನಿಕ್ಷೇಪದ ಸಾಮ್ಯವು ಕಲಿಸುವದು ತನಗಿದ್ದದ್ದನ್ನೆಲ್ಲಾ ಮಾರಿಬಿಟ್ಟವನ ಸಂತೋಷವನ್ನು. ಅವನು ಎಲ್ಲವನ್ನೂ ಕೊಟ್ಟನು; ನೀನು ಕೊಟ್ಟದ್ದು ನೂರು ರೂಪಾಯಿ. ಕೊಳ್ಳುವವನ ನಡತೆಯನ್ನೇ ವಿಚಾರಿಸಬೇಕಾದರೆ ಜ್ಞಾನೋಕ್ತಿಗಳ 20ನೆಯ ಅಧ್ಯಾಯವನ್ನು ತೆರೆದು ನೋಡು. ಸರಕನ್ನು ಹಳಿದು ಕೊಂಡು ಮನೆಗೆ ಹೋಗಿ ಹೆಚ್ಚಳಪಡುವವನ ಚಿತ್ರ ಅಲ್ಲಿದೆ.

ಹಾಗಾದರೆ ಅಗ್ಗವಾಗಿ ಕೊಳ್ಳುವದೆಲ್ಲಾ ದೋಷವೋ? ಅಲ್ಲ. ಇಲ್ಲಿ ಭೇದವನ್ನು ತಿಳಿಯಬೇಕು. ಪುಸ್ತಕ ಮಾರುವದನ್ನೇ ಕಸುಬಾಗಿ ಮಾಡಿಕೊಂಡವನು ಬೆಲೆಯನ್ನು ತಿಳಿಯುವದು ಅವನ ಕೆಲಸ; ಒಂದರಲ್ಲಿ ಕಳಕೊಂಡದ್ದನ್ನು ಹತ್ತರಲ್ಲಿ ಪಡಕೊಳ್ಳುವನು. ಅವನ ಅಂಗಡಿಯಲ್ಲಿ ಚೌಕಾಶಿ ಮಾಡುವದೂ, ಹುಡುಕಿ ಒಳ್ಳೇದನ್ನು ಆರಿಸುವದೂ ಓದುಗನ ಶ್ರಮಕ್ಕೆ ಸಲ್ಲುವ ಫಲ. ಅಲ್ಲಿ ಸುಳ್ಳಾಡದಿದ್ದರೆ, ಒಳ್ಳೇ ಪುಸ್ತಕವನ್ನು ಕೆಟ್ಟದ್ದೆಂದು ಹಳಿಯದಿದ್ದರೆ ಸಾಕು. ಆದರೆ ಅಜ್ಜಿಯು ವ್ಯಾಪಾರಸ್ಥಳಲ್ಲ. ಮನೆಯಲ್ಲಿ ಓದಬಲ್ಲವರಿಲ್ಲದೆ, ನೆರೆಯ ಹುಡುಗನೆಂದು ನಂಬಿ ಬೆಲೆಯನ್ನೇ ಇವನಿಗೆ ಬಿಟ್ಟವರು. ಅವರ ಅಜ್ಞಾನವು ಇವನ ಲಾಭವಾಯಿತು. ಅವರ ಸ್ಥಾನದಲ್ಲಿ ತನ್ನ ತಾಯಿ ಕೂತಿದ್ದು, ಪಟ್ಟಣದಿಂದ ಬಂದ ಯಾವನೋ ಹೀಗೆ ಕೊಂಡುಹೋಗಿದ್ದರೆ ಇವನು ಅದನ್ನು ಏನೆಂದು ಕರೆಯುತ್ತಿದ್ದನು?

ಇನ್ನೊಂದು ಮಾತು ನಮಗೆ ಹೆಚ್ಚು ಭಾರವಾಗಿ ತೋರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಓದಲರಿಯದವರು. ಪತ್ರದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟನ್ನೊತ್ತಿ ಹೊಲ ಕಳಕೊಂಡವರ ಕಥೆಯು ಯಾವ ಹಳ್ಳಿಯಲ್ಲಿ ಇಲ್ಲ? ಬಲ್ಲವನು ಅರಿಯದವನನ್ನು ಹೀಗೆ ಸುಲಿಯಬಾರದೆಂದೇ ನಮ್ಮ ತಂದೆತಾಯಿಗಳು ಕೂಲಿ ಮಾಡಿ ಮಕ್ಕಳನ್ನು ಶಾಲೆಗೆ ಕಳುಹಿಸಿದರು. ಆ ಮಕ್ಕಳೇ ಓದು ಕಲಿತು ಅದೇ ಆಯುಧವನ್ನು ನೆರೆಯವರ ಮೇಲೆ ಎತ್ತಿದರೆ, ಮನೆಗೆ ವಿದ್ಯೆ ಬಂದರೂ ನಮ್ಮ ಮೇಲಿದ್ದ ಆ ನೊಗವು ನೆರೆಯವರ ಹೆಗಲಿಗೆ ಹೋಯಿತೇ ಹೊರತು ಮುರಿಯಲಿಲ್ಲ.

“ನಾನೀಗ ಏನು ಮಾಡಲಿ? ಪೂರಾ ಬೆಲೆ ಕೊಡುವಷ್ಟು ಹಣ ನನ್ನಲ್ಲಿಲ್ಲ” ಎಂದನು. ಹಣವಿಲ್ಲದಿದ್ದರೂ ಸತ್ಯವು ನಿನ್ನ ಕೈಯಲ್ಲಿದೆ, ಅದನ್ನು ಕೊಡು ಎಂದೆವು. ಅವನು ನಿಘಂಟನ್ನು ಹೊತ್ತುಕೊಂಡು ಹೋಗಿ ಎಲ್ಲವನ್ನೂ ಹೇಳಿದನು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಅವನ ನೂರು ರೂಪಾಯಿಯನ್ನು ತಂದು ಕೊಟ್ಟು, ಪುಸ್ತಕವನ್ನು ತಿರಿಗಿ ತೆಗೆದುಕೊಂಡರು. ಅವರ ಅಳಿಯನು ಅದನ್ನು ಪಟ್ಟಣದಲ್ಲಿ ಮಾರಿಸಿದನು. ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ದುರಸ್ತಿಯಾಯಿತು. ಯೌವನಸ್ಥನಿಗೆ ಆ ಪುಸ್ತಕ ದಕ್ಕಲಿಲ್ಲ. ಸತ್ಯಕ್ಕೆ ಒಡನೆ ಬಹುಮಾನ ಸಿಕ್ಕುವದೆಂದು ನಾವು ಬರೆದರೆ ಅದೂ ಒಂದು ಸುಳ್ಳಾದೀತು.

ಆದರೆ ಉಳಿದ ಪುಸ್ತಕಗಳನ್ನು ಅಜ್ಜಿ ಗುಜರಿಗೆ ಕೊಡಲಿಲ್ಲ. “ಯಾವುದು ಏನೆಂದು ನೋಡಿ ಹೇಳು ಮಗಾ” ಎಂದು ಪೆಟ್ಟಿಗೆಯನ್ನೇ ಅವನ ಮುಂದೆ ಇಟ್ಟರು. ಬೇಸಿಗೆಯ ಉಳಿದ ದಿನಗಳಲ್ಲಿ ಅವನು ಆ ಜಗಲಿಯಲ್ಲಿ ಕೂತು ಒಂದೊಂದನ್ನೂ ಓದಿ ಪಟ್ಟಿ ಮಾಡಿದನು. ನಿಘಂಟಿನ ಮಾತಿಗೆ ಬಂದರೆ, ಅದು ಮರುಮುದ್ರಣವಾಗಿದೆ. ಓದುವವನಿಗೆ ಬೇಕಾದ ಶಬ್ದಗಳು ಅದರಲ್ಲಿಯೂ ಇವೆ. ಅವನು ಬಿಟ್ಟುಕೊಟ್ಟದ್ದು ದುರ್ಲಭ ವಸ್ತುವಿನ ಒಡೆತನವನ್ನು ಮಾತ್ರ.

ಪ್ರಿಯ ವಾಚಕರೇ, ನಿಮ್ಮ ಮಕ್ಕಳು ರಜೆಗೆ ಬಂದಾಗ ಎಷ್ಟು ಪುಸ್ತಕ ಓದಿದಿರೆಂದು ಕೇಳಿರಿ. ಅವುಗಳನ್ನು ಹೇಗೆ ಕೊಂಡಿರೆಂದು ಸಹ ಕೇಳಿರಿ. ನಾವಾದರೂ ಸಂತೆಯಿಂದ ಹಿಂತಿರುಗಿದ ಸಾಯಂಕಾಲ ಅದೇ ಪ್ರಶ್ನೆಯನ್ನು ನಮಗೆ ಹಾಕಿಕೊಳ್ಳೋಣ. ಮಾರಿದವನು ಸಂಗತಿಯನ್ನೆಲ್ಲಾ ತಿಳಿದುಬಂದು ನಮ್ಮ ಬಾಗಲಲ್ಲಿ ನಿಂತರೆ, ನಾಚದೆ ಅವನ ಮುಖವನ್ನು ನೋಡಬಲ್ಲೆವೋ? ನೋಡಬಲ್ಲೆವಾದರೆ ನಾವು ಕೊಟ್ಟ ಕ್ರಯವು ನ್ಯಾಯವಾದದ್ದು.