ಕಟ್ಟದ ಬದಿಗೊಮ್ಮೆ ಹೋಗಿಬನ್ನಿ

ಕೋಟೇಶ್ವರದಲ್ಲಿ ಕೊಡಿ ಹಬ್ಬ ಮುಗಿಯಿತೆಂದರೆ ಸುತ್ತಲಿನ ಬೈಲುಗಳಲ್ಲಿ ಕಟ್ಟ ಹಾಕುವ ಕಾಲ. ವೃಶ್ಚಿಕ ಮಾಸದ ಹುಣ್ಣಿಮೆಯ ತೇರು ನೋಡಿದ ಹೊಸ ಮದುಮಕ್ಕಳು ಕಬ್ಬಿನ ಕೊಡಿ ಹಿಡಿದು ಮನೆಗೆ ಮರಳುವ ಹೊತ್ತಿಗೆ ತೋಡಿನ ನೀರು ತಿಳಿಯಾಗಿ ಮೊಣಕಾಲ ಮಟ್ಟಕ್ಕೆ ಇಳಿದಿರುತ್ತದೆ. ಆಗಲೇ ಅದನ್ನು ತಡೆದು ನಿಲ್ಲಿಸಬೇಕು. ಹದಿನೈದು ದಿನ ತಡವಾದರೂ ಸುಗ್ಗಿ ಗದ್ದೆಗೆ ನೀರು ಸಾಲದು. ಬೇಸಿಗೆಯಲ್ಲಿ ಬಾವಿಯ ತಳ ಬೇಗ ಕಾಣುತ್ತದೆ, ಕಡಲ ಬದಿಯ ಮನೆಗಳಲ್ಲಂತೂ ಬಾವಿನೀರಿಗೆ ಉಪ್ಪು ಸೇರುತ್ತದೆ.

ಕಟ್ಟ ಹಾಕುವುದಕ್ಕೆ ಯಾರೂ ನಕ್ಷೆ ಬರೆದವರಲ್ಲ. ತೋಡಿಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆದು, ಅಡಿಕೆ ಮರದ ಸೀಳನ್ನೋ ಬಿದಿರನ್ನೋ ಅಡ್ಡ ಕಟ್ಟಿ, ಒಳಗೆ ತೆಂಗಿನ ಮಡಲು, ಸೊಪ್ಪು, ಬೈಹುಲ್ಲು ಹಾಸಿ, ಗದ್ದೆಯ ಅಂಟುಮಣ್ಣನ್ನು ಹೆಂಟೆ ಹೆಂಟೆಯಾಗಿ ಇಟ್ಟು ಕಾಲಿನಲ್ಲಿ ತುಳಿಯುವುದು. ತುಳಿದಷ್ಟೂ ಗಟ್ಟಿ. ಎಲ್ಲೋ ಒಂದು ಕಡೆ ನೀರು ಜಿನುಗಿದರೆ ಅಲ್ಲಿಗೆ ಮತ್ತೊಂದು ಹೆಂಟೆ, ಮತ್ತೆ ತುಳಿತ. ಈ ಸೀಮೆಗೆ ಕಾಲುವೆ ನೀರು ತರಬೇಕಿದ್ದ ವಾರಾಹಿ ನೀರಾವರಿ ಯೋಜನೆ ಶುರುವಾದದ್ದು 1979ರಲ್ಲಿ, ಎಡದಂಡೆ ಕಾಲುವೆಗೆ ನೀರು ಬಿಡಲು 2015 ಬರಬೇಕಾಯಿತು. ಆ ಮೂವತ್ತಾರು ವರ್ಷ ಅನೇಕ ಬೈಲುಗಳು ಎರಡನೇ ಬೆಳೆ ಕಂಡದ್ದು ಈ ಮಣ್ಣಿನ ಕಟ್ಟಗಳ ದಯೆಯಿಂದ. ಗಡಿಯಾಚೆ ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕಿ ತೋಟ ಉಳಿಸಿಕೊಂಡವರ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬರೆಯುತ್ತಲೇ ಬಂದಿದ್ದಾರೆ.

ಈ ಕಟ್ಟದ ಸುರಕ್ಷತೆಯೆಲ್ಲ ಅಡಗಿದ್ದುದು ಅದನ್ನು ಒಡೆಯುವುದರಲ್ಲಿ. ಕಟ್ಟಿದವರೇ ಮಳೆಗಾಲಕ್ಕೆ ಮುಂಚೆ ನಡು ಕಡಿದು ನೀರಿಗೆ ದಾರಿ ಬಿಡುತ್ತಿದ್ದರು. ಮರೆತರೂ ಮೊದಲ ದೊಡ್ಡ ಮಳೆಯೇ ಆ ಕೆಲಸ ಮಾಡುತ್ತಿತ್ತು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ಅಂಥ ನೀರಿಗೆ ಎದುರು ನಿಲ್ಲುವ ಹಟ ಹಳಬರಿಗೆ ಇರಲಿಲ್ಲ.

ತೊಂದರೆ ಇರುವುದು ವರ್ಷವಿಡೀ ನಿಲ್ಲುವ ಮಣ್ಣಿನ ದಂಡೆಗಳಲ್ಲಿ. ಗುಡ್ಡದ ಬುಡದಲ್ಲಿರುವ ಮದಗ, ಒಂದು ಬದಿಗೆ ಏರಿ ಎತ್ತರಿಸಿದ ಕೆರೆ, ಉಪ್ಪುನೀರು ತಡೆಯಲು ಹೊಳೆಬದಿಗೆ ಹಾಕಿದ ದಂಡೆ, ಇವು ಯಾವುವೂ ನೋಡಿದರೆ ಹೆದರಿಕೆ ಹುಟ್ಟಿಸುವಂಥವಲ್ಲ. ಒಂದಾಳು, ಹೆಚ್ಚೆಂದರೆ ಎರಡಾಳು ಎತ್ತರ. ಆದರೂ ಲೆಕ್ಕ ಹಾಕಿ ನೋಡಿ. ಒಂದು ಎಕರೆ ವಿಸ್ತಾರದಲ್ಲಿ ಆರಡಿ ನೀರು ನಿಂತರೆ ಎಪ್ಪತ್ತು ಲಕ್ಷ ಲೀಟರ್ ಮೀರುತ್ತದೆ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ಆರುನೂರಕ್ಕೂ ಹೆಚ್ಚು ಲೋಡು. ಅದು ಒಂದೇ ಕಂಡಿಯಲ್ಲಿ, ಕತ್ತಲಲ್ಲಿ, ಕೆಳಗಿನ ಮನೆಗಳ ಕಡೆಗೆ ಹೊರಟರೆ ಏನಾದೀತು ಎಂದು ಊಹಿಸುವುದಕ್ಕೆ ಎಂಜಿನಿಯರ್ ಆಗಿರಬೇಕಿಲ್ಲ.

ಹಾಗೆ ಆದದ್ದೂ ಇದೆ. ಕೋಟೇಶ್ವರವನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಉತ್ತರಕ್ಕೆ ಮಹಾರಾಷ್ಟ್ರದ ಚಿಪಳೂಣಿಗೂ ಹೋಗುತ್ತದೆ. ನಮ್ಮದೇ ಕೆಂಪು ಮಣ್ಣು, ನಮ್ಮದೇ ಮಳೆ. ಆ ತಾಲ್ಲೂಕಿನ ತಿವರೆ ಎಂಬ ಹಳ್ಳಿಯ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಕೆಳಗಿದ್ದ ಮನೆಗಳು ಕೊಚ್ಚಿಹೋದವು, ಸುಮಾರು ಇಪ್ಪತ್ತು ಜನ ಸತ್ತರು. ದಂಡೆಯಲ್ಲಿ ನೀರು ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. ದುರಂತದ ಬಳಿಕ ಅಲ್ಲಿನ ಜಲಸಂರಕ್ಷಣಾ ಸಚಿವರು ಏಡಿಗಳಿಂದಾಗಿ ದಂಡೆ ದುರ್ಬಲವಾಯಿತು ಎಂದರು. ವಿರೋಧ ಪಕ್ಷದವರು ಬಿಡುತ್ತಾರೆಯೇ? ಜೀವಂತ ಏಡಿಗಳನ್ನು ಪೊಲೀಸ್ ಠಾಣೆಗೆ ಹೊತ್ತೊಯ್ದು ಇವನ್ನು ಬಂಧಿಸಿ ಎಂದರು. ದೇಶವೆಲ್ಲ ನಕ್ಕಿತು.

ನಮ್ಮ ಕುಂದಾಪುರ ಕಡೆಯ ರೈತನಿಗೆ ಮಾತ್ರ ಆ ಮಾತು ಪೂರ್ತಿ ನಗುವಂಥದ್ದಲ್ಲ. ಗದ್ದೆ ಅಂಚಿಗೆ ಏಡಿ ಒಟ್ಟೆ ಕೊರೆದರೆ ರಾತ್ರಿ ಬೆಳಗಾಗುವುದರೊಳಗೆ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಗೆ ಇಳಿದಿರುತ್ತದೆ. ಆ ಒಟ್ಟೆಯನ್ನು ಕಾಲ ಹೆಬ್ಬೆರಳಲ್ಲಿ ಹುಡುಕಿ ಮಣ್ಣು ತುರುಕದವರು ಈ ಸೀಮೆಯಲ್ಲಿ ಕಡಿಮೆ. ಏಡಿ, ಹೆಗ್ಗಣ, ಗೆದ್ದಲು, ಮುಳ್ಳುಹಂದಿ ಎಲ್ಲವೂ ಮಣ್ಣಿನ ದಂಡೆಗೆ ಹಳೆಯ ನೆಂಟರೇ. ಹಾಗೆಂದು ಏಡಿ ಒಂದೇ ದಿನದಲ್ಲಿ ಅಣೆಕಟ್ಟು ಕೆಡವುವುದಿಲ್ಲವಲ್ಲ. ಅದು ಕೊರೆದದ್ದನ್ನು ಯಾರೂ ಕಾಣದೆ ಎಷ್ಟು ತಿಂಗಳು ಕಳೆಯಿತು ಎಂಬುದನ್ನು ಸಚಿವರು ಹೇಳಬೇಕಿತ್ತು.

ಮಣ್ಣಿನ ದಂಡೆ ಕೆಡುವ ರೀತಿ ಮುಖ್ಯವಾಗಿ ಎರಡು. ಕೋಡಿ ಕಟ್ಟಿಹೋಗಿ ನೀರು ಏರಿಯ ಮೇಲೆಯೇ ಹರಿದರೆ ಗಂಟೆಗಳಲ್ಲಿ ಕೊರೆದು ಮುಗಿಸುತ್ತದೆ. ಇದು ಕಣ್ಣಿಗೆ ಕಾಣುವ ಅಪಾಯ. ಇನ್ನೊಂದು ಒಳಗಿನದು. ಹೆಗ್ಗಣದ ಬಿಲವೋ, ಕಡಿದ ಮರದ ಬೇರು ಕೊಳೆತು ಉಳಿದ ಪೊಳ್ಳೋ, ತೂಬಿನ ಕೊಳವೆಯ ಸುತ್ತ ಸರಿಯಾಗಿ ಗಟ್ಟಿಸದ ಮಣ್ಣೋ ನೀರಿಗೆ ಎಳೆಯಷ್ಟು ದಾರಿ ಕೊಟ್ಟರೆ ಸಾಕು. ನೀರು ಹೋಗುತ್ತಾ ಮಣ್ಣಿನ ಕಣವನ್ನು ಜತೆಗೆ ಒಯ್ಯುತ್ತದೆ, ದಾರಿ ಅಗಲವಾಗುತ್ತದೆ, ಒಂದು ದಿನ ಮೇಲಿನ ಮಣ್ಣು ಕುಸಿಯುತ್ತದೆ. ಇದಕ್ಕೆ ಮಳೆಗಾಲವೇ ಬೇಕೆಂದಿಲ್ಲ. ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಏರಿ ಒಡೆದು ಗದ್ದೆಗಳಿಗೆ ನೀರು ನುಗ್ಗಿದ್ದು 2020ರ ಜನವರಿಯಲ್ಲಿ.

ದಂಡೆಯ ಬುಡದಲ್ಲಿ ಸ್ವಲ್ಪ ಜಿನುಗು ಇದ್ದೇ ಇರುತ್ತದೆ, ಮಣ್ಣು ಮಣ್ಣೇ ತಾನೆ. ಅದನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಒಡ್ಡಬೇಕು. ನೀರು ತಿಳಿಯಾಗಿದ್ದು, ಹಿಂದಿನ ವಾರದಷ್ಟೇ ಇದ್ದರೆ ಗಾಬರಿ ಬೇಡ. ಕದಡಿದ್ದರೆ, ಸ್ವಲ್ಪ ಹೊತ್ತಿಟ್ಟಾಗ ತಳದಲ್ಲಿ ಮಣ್ಣು ಕೂತರೆ, ದಂಡೆ ಒಳಗಿನಿಂದ ಕರಗುತ್ತಿದೆ ಎಂದೇ ಅರ್ಥ. ಆಗ ತಡಮಾಡದೆ ನೀರು ಇಳಿಸಬೇಕು, ಕೆಳಗಿನ ಮನೆಯವರಿಗೆ ಹೇಳಬೇಕು. ಈ ಪರೀಕ್ಷೆಗೆ ಖರ್ಚಿಲ್ಲ. ಕಾಡು ಸವರಿದ ದಂಡೆಯೊಂದು ಬೇಕು, ಅಷ್ಟೇ. ಆಳೆತ್ತರದ ಲಂಟಾನ ಬೆಳೆದ ಏರಿಯಲ್ಲಿ ಬಿಲವೂ ಕಾಣದು, ಜಿನುಗೂ ಕಾಣದು. ಕೆಲವರು ಪರಿಸರದ ಹೆಸರಿನಲ್ಲಿ ಏರಿಯ ಮೇಲೆಯೇ ಮಾವು, ಹಲಸು ನೆಡುವುದನ್ನು ನೋಡಿದ್ದೇನೆ. ಮರ ನೆಡಲು ಊರಲ್ಲಿ ಬೇರೆ ಜಾಗವಿದೆ. ಏರಿಗೆ ಹುಲ್ಲೇ ಸರಿ.

ಕಾನೂನು ಏನು ಮಾಡುತ್ತದೆ? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಕಣ್ಣಿಟ್ಟಿರುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳ ಮೇಲೆ. 10ರಿಂದ 15 ಮೀಟರ್ ಎತ್ತರದವು ಕೆಲವು ಷರತ್ತಿಗೆ ಒಳಪಟ್ಟರೆ ಸೇರುತ್ತವೆ. ನಮ್ಮ ಮದಗ ಆ ಪಟ್ಟಿಯ ಬಾಗಿಲಿಗೂ ಬರುವುದಿಲ್ಲ. ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಾದರೆ ಪಂಚಾಯತ್. ಕಾಗದದಲ್ಲಿ ಹಂಚಿಕೆ ಸರಿಯಾಗಿಯೇ ಇದೆ. ದಂಡೆಯ ಮೇಲೆ ನಡೆದು ನೋಡುವ ಕಾಲು ಯಾರದು ಎಂಬುದು ಅದರಲ್ಲಿ ಬರೆದಿಲ್ಲ.

ಮುಂಚೆ ಅದನ್ನು ಬರೆಯುವ ಅಗತ್ಯವಿರಲಿಲ್ಲ. "ಕಟ್ಟದ್ ಬದಿಗ್ ಹೋಯಿ ಕಂಡ್ಕಂಡ್ ಬಾ ಮಗಾ" ಎಂದು ಅಜ್ಜ ಹೇಳಿದರೆ ಹುಡುಗ ಓಡುತ್ತಿದ್ದ, ಏಕೆಂದರೆ ಆ ನೀರು ಅವನ ಗದ್ದೆಯದು. ಈಗ ಗದ್ದೆ ಹಡಿಲು ಬಿದ್ದಿದೆ, ಹುಡುಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾನೆ. ಹಡಿಲು ಬಿದ್ದ ಗದ್ದೆಗೆ ಕೆಂಪು ಮಣ್ಣು ತುಂಬಿ ಸೈಟು ಮಾಡಿ ಮನೆ ಕಟ್ಟಿದವರಿಗೆ ಮೇಲೆ ಮದಗವಿದೆ ಎಂಬುದೇ ಗೊತ್ತಿಲ್ಲ. ಕೋಡಿಯ ನೀರು ಹೋಗುತ್ತಿದ್ದ ತೋಡಿಗೆ ಒಂದಡಿ ಪೈಪು ಹಾಕಿ ಮೇಲೆ ಗೇಟು ನಿಲ್ಲಿಸಿರುತ್ತಾರೆ. ದಂಡೆ ಅಲ್ಲಿಯೇ ಇದ್ದು, ಅದರ ಸುತ್ತಲಿನ ಊರೇ ಬದಲಾಗಿಬಿಟ್ಟಿದೆ.

ಕಿಂಡಿ ಅಣೆಕಟ್ಟುಗಳಿಗೂ ಇದೇ ಗತಿ ಬರದಂತೆ ನೋಡಬೇಕು. ಪಶ್ಚಿಮವಾಹಿನಿ ಯೋಜನೆಯಲ್ಲಿ ಕರಾವಳಿಯ ಹೊಳೆಗಳಿಗೆ ಸಾಕಷ್ಟು ಕಿಂಡಿ ಅಣೆಕಟ್ಟುಗಳು ಬಂದಿವೆ, ಒಳ್ಳೆಯದೇ. ಆದರೆ ಹಲಗೆ ಇಳಿಸುವಾಗ ಇರುವ ಉತ್ಸಾಹ ಮೇ ತಿಂಗಳಲ್ಲಿ ಅವನ್ನು ಎತ್ತುವಾಗ ಇರುವುದಿಲ್ಲ. ಹಲಗೆ ಉಳಿದ ಕಿಂಡಿಗೆ ಮರದ ಗೆಲ್ಲು, ಬಿದಿರಿನ ಮೆಳೆ ಬಂದು ಸಿಕ್ಕಿಕೊಂಡರೆ ನೀರು ಕಾಂಕ್ರೀಟನ್ನು ಬಿಟ್ಟು ಪಕ್ಕದ ಮಣ್ಣಿನ ದಂಡೆ ಕೊರೆದು ಯಾರದೋ ತೋಟಕ್ಕೆ ನುಗ್ಗುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ ಹಾಕುವ ಈಗಿನ ಕಟ್ಟಗಳದ್ದು ಇನ್ನೊಂದು ರಗಳೆ. ಫೋಟೊ ಚೆನ್ನಾಗಿ ಬರುತ್ತದೆ. ಬಿಸಿಲಿಗೆ ಚೀಲ ಹರಿದು ಜೂನ್‌ನಲ್ಲಿ ಮರಳು ತೋಡಿಗೆ, ಚಿಂದಿ ಅಳಿವೆಗೆ, ಅಲ್ಲಿಂದ ಮೀನುಗಾರರ ಬಲೆಗೆ.

ಮಳೆಗಾಲದ ಮುಂಚಿನ ಸಭೆಗಳಲ್ಲಿ ಚರಂಡಿ, ವಿದ್ಯುತ್ ಕಂಬ, ರಸ್ತೆಗೆ ಬಾಗಿದ ಮರ, ಕಡಲ್ಕೊರೆತ ಎಲ್ಲವೂ ಚರ್ಚೆಗೆ ಬರುತ್ತವೆ. ಮದಗದ ಕೋಡಿಗೂ ಅಲ್ಲಿ ಐದು ನಿಮಿಷ ಸಿಗಲಿ. ಊರಿನ ದಂಡೆಗಳ ಹೆಸರು ಬರೆದು, ಒಂದೊಂದಕ್ಕೂ ಅದರ ಕೆಳಗಿನ ಮನೆಯವರೊಬ್ಬರ ಫೋನ್ ನಂಬರ್ ಸೇರಿಸಿ ಪಂಚಾಯತ್ ಗೋಡೆಗೆ ಅಂಟಿಸಲು ಯಾವ ಅನುದಾನವೂ ಬೇಡ. ಏರಿ ಸವರುವ ಕೆಲಸವನ್ನು ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಗೆ ಸೇರಿಸಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಕೇಳುವ ಮುಂಚೆ ಒಂದು ಖಾಲಿ ಬಾಟಲಿ ಹಿಡಿದು ಕಟ್ಟದ ಬುಡಕ್ಕೆ ಹೋಗಿಬನ್ನಿ. ಕದಡಿದ ನೀರು ಸಿಕ್ಕರೆ ಬಾಟಲಿಯನ್ನು ಸಭೆಗೇ ತನ್ನಿ.