ತೀರ್ಪುಗಾರನಿಲ್ಲದ ಅಂಕಣ

ಹವ್ಯಾಸಿಗಳ ಲೀಗ್ ಒಂದಕ್ಕೆ ಸೇರುವವನು ತುಂಬಬೇಕಾದ ಅರ್ಜಿಯಲ್ಲಿ ಹೆಚ್ಚಿನ ಪ್ರಶ್ನೆಗಳಿರುವುದಿಲ್ಲ. ಹೆಸರು, ವಯಸ್ಸು, ದೂರವಾಣಿ ಸಂಖ್ಯೆ, ಜೊತೆಗಾರನ ಹೆಸರು. ಕೊನೆಗೆ, ಆಟದ ಮಟ್ಟ. ಮೊದಲ ನಾಲ್ಕಕ್ಕೆ ಉತ್ತರ ಬರೆಯಲು ಯಾರೂ ಯೋಚಿಸುವುದಿಲ್ಲ. ಐದನೆಯದರ ಮುಂದೆ ಲೇಖನಿ ಕ್ಷಣಕಾಲ ನಿಲ್ಲುತ್ತದೆ. ಆ ಕ್ಷಣದಲ್ಲಿ ಅಡಗಿರುವ ನೈತಿಕ ಪ್ರಶ್ನೆಯನ್ನು ಪ್ಯಾಡೆಲ್ ಎಂಬ ಆಟದ ನೆಲೆಯಲ್ಲಿ ಪರಿಶೀಲಿಸುವುದು ಉಚಿತ. ಮನುಷ್ಯನನ್ನು ಅವನಿಗೆ ಅವನೇ ಸಾಕ್ಷಿಯಾಗಿಸುವ ಸಂದರ್ಭಗಳು ಆ ಆಟದಲ್ಲಿ ಹೇರಳ. ಆದರೆ ಆ ಸಾಕ್ಷ್ಯದ ಬೆಲೆ ತೆರುವವನು ಅವನೊಬ್ಬನೇ ಅಲ್ಲ.

ಪ್ಯಾಡೆಲ್ ಬಹಳ ಹಳೆಯ ಆಟವಲ್ಲ. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೊ ಎಂಬಲ್ಲಿ ಎನ್ರಿಕೆ ಕೋರ್ಕುಎರಾ ಅವರು ತಮ್ಮ ಮನೆಯ ಆವರಣದಲ್ಲಿ, ಗೋಡೆಗಳ ನಡುವೆ, ಅದನ್ನು ರೂಪಿಸಿದರು. 1974ರಲ್ಲಿ ಅವರ ಮಿತ್ರ ಅಲ್ಫೊನ್ಸೊ ಡಿ ಹೊಹೆನ್‌ಲೋಹೆ ಅದನ್ನು ಸ್ಪೇನಿನ ಮಾರ್ಬೆಯಾ ಪಟ್ಟಣಕ್ಕೆ ಒಯ್ದರು. ಸ್ಪೇನ್ ಮತ್ತು ಅರ್ಜೆಂಟೀನಾಗಳಲ್ಲಿ ಅದು ಮನೆಮಾತಾಯಿತು; ಈಗ ಬೆಂಗಳೂರಿನಲ್ಲಿಯೂ ಅದರ ಅಂಕಣಗಳಿವೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಹಿಂಬದಿಯಲ್ಲಿ ಗಾಜಿನ ಗೋಡೆ, ಪಕ್ಕಗಳಲ್ಲಿ ಗಾಜು ಮತ್ತು ತಂತಿಜಾಲರಿ. ನೆಲಕ್ಕೆ ಪುಟಿದ ಚೆಂಡು ಗಾಜಿಗೆ ಬಡಿದು ಮರಳಿದರೂ ಆಟ ಮುಂದುವರಿಯುತ್ತದೆ. ಸರ್ವ್ ಮಾಡುವಾಗ ಚೆಂಡನ್ನು ಸೊಂಟಕ್ಕಿಂತ ಮೇಲೆ ಹೊಡೆಯುವಂತಿಲ್ಲ; ಹೀಗಾಗಿ ತೋಳಿನ ಬಲ ಕುಂದಿದ ನಡುವಯಸ್ಸಿನವನೂ ಮೊದಲ ದಿನವೇ ಆಡಬಲ್ಲನು. ರ‍್ಯಾಕೆಟ್ಟಿಗೆ ತಂತಿಗಳಿಲ್ಲ, ರಂಧ್ರಗಳುಳ್ಳ ಗಟ್ಟಿ ಹಲಗೆಯಂತಿರುತ್ತದೆ. ಪ್ರಾಣಿಗಳ ಕರುಳಿನಿಂದ ಮಾಡಿದ ಟೆನಿಸ್ ತಂತಿಯ ಚಿಂತೆ ಇಲ್ಲಿಲ್ಲವೆಂಬುದು ಒಂದು ಪ್ರಾಸಂಗಿಕ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾದುದು, ಅದನ್ನು ಆಡುವವರು ಇಬ್ಬರಿಗೆ ಇಬ್ಬರು.

ಮೊದಲು ಮಟ್ಟದ ವಿಚಾರ. ಅನೇಕ ಕಡೆ ಆಟಗಾರರನ್ನು 1ರಿಂದ 7ರವರೆಗಿನ ಅಂಕಿಗಳಲ್ಲಿ ಅಳೆಯುತ್ತಾರೆ. ಹೊಸಬನ ಮಟ್ಟವನ್ನು ಅಳೆಯುವವರು ಬೇರೆ ಯಾರೂ ಇಲ್ಲದಿರುವುದರಿಂದ ಅವನ ಮಾತನ್ನೇ ನಂಬಿ ಗುಂಪು ಮಾಡುತ್ತಾರೆ. ನಾಲ್ಕಾರು ಜೋಡಿಗಳ ಗುಂಪು. ಕೆಲವು ವಾರಗಳ ಪಂದ್ಯಗಳು ಮುಗಿದ ಮೇಲೆ ಗೆದ್ದವರು ಮೇಲಿನ ಗುಂಪಿಗೆ, ಸೋತವರು ಕೆಳಗಿನದಕ್ಕೆ. ಈ ವ್ಯವಸ್ಥೆಯಲ್ಲಿ ತನ್ನ ಮಟ್ಟವನ್ನು ಬೇಕೆಂದೇ ತಗ್ಗಿಸಿ ಬರೆದವನಿಗೆ ಒಂದು ಋತುವಿನ ಸುಲಭ ಗೆಲುವು ಖಚಿತ. ಕೇಳಿದರೆ ಅದನ್ನು ಅವನು ವಿನಯವೆನ್ನುತ್ತಾನೆ. ಆದರೆ ವಿನಯದಿಂದ ಲಾಭವಾಗುವುದು ಎದುರಿಗಿರುವವನಿಗೆ. ಇಲ್ಲಿ ಲಾಭ ಹೇಳಿದವನಿಗೇ ಸೇರುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ತೂಕ-ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದನ್ನೂ ಎಣಿಸಿದೆ. ತಕ್ಕಡಿಯನ್ನು ಕುರಿತ ಆ ಮಾತು, ಮನುಷ್ಯನು ತನ್ನನ್ನೇ ತೂಗಿ ತೋರಿಸುವಲ್ಲಿಯೂ ಸಲ್ಲುವಂತಿದೆ. ಸಮಬಲದ ಆಟಕ್ಕೆಂದು ಹಣ ಕಟ್ಟಿ, ಸಂಜೆಯ ಬಿಡುವನ್ನು ಮೀಸಲಿಟ್ಟು ಬಂದ ಹೊಸಬರಿಂದ ಆ ಆಟವನ್ನೇ ಅವನು ಕಸಿದುಕೊಂಡಿರುತ್ತಾನೆ.

ಹೆಚ್ಚಿಸಿ ಬರೆಯುವವನ ದೋಷ ಬೇರೆ ಬಗೆಯದು. ಅಲ್ಲಿರುವುದು ಲೋಭವಲ್ಲ, ಮಾನಕಷಾಯ. ಪ್ಯಾಡೆಲ್‌ನಲ್ಲಿ ಎದುರು ಜೋಡಿಯು ಇಬ್ಬರಲ್ಲಿ ದುರ್ಬಲನಾರೆಂಬುದನ್ನು ಬೇಗನೆ ಗುರುತಿಸಿ ಚೆಂಡುಗಳನ್ನು ಅವನಿಗೇ ಕಳುಹಿಸುತ್ತದೆ. ಸಮರ್ಥನಾದ ಜೊತೆಗಾರನು ಚೆಂಡು ಸಿಗದೆ ಸುಮ್ಮನೆ ನಿಂತು ಸೋಲುತ್ತಾನೆ. ತನ್ನ ಮಟ್ಟವನ್ನು ಉತ್ಪ್ರೇಕ್ಷಿಸಿದವನು ಮೊದಲು ವಂಚಿಸಿದ್ದು ತನ್ನವನನ್ನೇ ಎಂಬುದು ಆಗ ತಿಳಿಯುತ್ತದೆ. ಅರ್ಜಿ ತುಂಬುವ ಮುನ್ನ, ತನ್ನನ್ನು ಸೋಲಿಸಿದವರನ್ನು ಕೇಳಿ ಅಂಕಿ ಬರೆಯುವುದು ಮೇಲು. ಅವರಿಗೆ ಸುಳ್ಳು ಹೇಳುವ ಕಾರಣವಿಲ್ಲ.

ಅಂಕಣದೊಳಗಿನ ಪ್ರಶ್ನೆ ಇದಕ್ಕಿಂತ ಕಠಿಣ. ಹವ್ಯಾಸಿಗಳ ಪಂದ್ಯಕ್ಕೆ ಅಂಪೈರ್ ಇರುವುದಿಲ್ಲ. ಚೆಂಡು ಎರಡನೆಯ ಬಾರಿ ಪುಟಿದ ಮೇಲೆ ರ‍್ಯಾಕೆಟ್ ತಗುಲಿದರೆ, ಅಂಗಿಯ ಅಂಚನ್ನು ಚೆಂಡು ಸವರಿದರೆ, ಆಟದ ಭರದಲ್ಲಿ ರ‍್ಯಾಕೆಟ್ಟಿನ ತುದಿ ನೆಟ್‌ಗೆ ಸೋಕಿದರೆ ಪಾಯಿಂಟ್ ಕಳೆದಂತೆಯೇ. ಆದರೆ ಇವುಗಳಲ್ಲಿ ಎಷ್ಟೋ ಪ್ರಸಂಗಗಳು ತಪ್ಪಿದವನೊಬ್ಬನಿಗೆ ಮಾತ್ರ ಗೊತ್ತು. ಕೆಲವು ಲೀಗ್‌ಗಳಲ್ಲಿ ನಲವತ್ತು-ನಲವತ್ತರ ಸಮಬಲವಾದಾಗ ಒಂದೇ ಪಾಯಿಂಟಿನಿಂದ ಗೇಮ್ ತೀರ್ಮಾನವಾಗುತ್ತದೆ. ಋತುವಿನ ಕೊನೆಯ ಪಂದ್ಯದಲ್ಲಿ ಅಂಥ ಪಾಯಿಂಟ್ ನಡೆಯುತ್ತಿರುವಾಗ, ಗಾಜಿನ ಬಳಿ ಬಾಗಿ ಎತ್ತಿದ ಚೆಂಡು ಎರಡನೆಯ ಸಲ ನೆಲ ಮುಟ್ಟಿತ್ತೆಂದು ಒಬ್ಬನಿಗೆ ತಿಳಿದಿದೆ. ಎದುರಾಳಿಗಳು ನೋಡಿಲ್ಲ. ಜೊತೆಗಾರನು ಮುಂದೆ, ನೆಟ್‌ನ ಬಳಿ ಬೆನ್ನು ತಿರುಗಿಸಿ ನಿಂತಿದ್ದಾನೆ; ಮೇಲಿನ ಗುಂಪಿಗೆ ಏರಬೇಕೆಂದು ವಾರಗಟ್ಟಲೆ ಶ್ರಮಿಸಿದವನು ಅವನೇ. ಸತ್ಯ ನುಡಿದರೆ ಸೋಲು ಇಬ್ಬರದೂ.

ಒಬ್ಬನೇ ಆಡುವ ಆಟದಲ್ಲಿ ಈ ತೊಡಕಿಲ್ಲ. 1925ರ ಅಮೆರಿಕದ ಮುಕ್ತ ಗಾಲ್ಫ್ ಪಂದ್ಯಾವಳಿಯಲ್ಲಿ ಬಾಬಿ ಜೋನ್ಸ್, ಹೊಡೆಯಲು ಅಣಿಯಾಗುವಾಗ ಚೆಂಡು ತುಸು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡವನ್ನು ಹೊತ್ತನು. ಕೊನೆಗೆ ಸಮಬಲವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತನು. ಜೋನ್ಸ್ ತೆತ್ತದ್ದು ತನ್ನ ಗಂಟಿನಿಂದ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮಾಡಿದ್ದು ಹಾಗಲ್ಲ. ಇಂಗ್ಲೆಂಡ್ 58 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡಾಗ ಬಾಬ್ ಟೇಲರ್ ಆಡಲು ಬಂದಿದ್ದರು. ಅಂಪೈರ್ ಅವರಿಗೆ ಔಟ್ ಕೊಟ್ಟ ಮೇಲೆ, ಚೆಂಡು ಬ್ಯಾಟ್‌ಗೆ ತಗುಲಿಲ್ಲವೆಂದು ಮನವರಿಕೆಯಾಗಿದ್ದ ನಾಯಕ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಒಟ್ಟಾಗಿ 171 ರನ್ ಸೇರಿಸಿದರು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಹನ್ನೊಂದು ಮಂದಿಯ ಗಂಟನ್ನು ಒಬ್ಬನು ಬಿಚ್ಚಿಕೊಟ್ಟನೆಂಬ ಆಕ್ಷೇಪಕ್ಕೆ ಅಲ್ಲಿ ಎಡೆಯುಂಟು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಪರರ ಸೊತ್ತಿನಿಂದ ದಾನ ಮಾಡಿ ಪುಣ್ಯ ಗಳಿಸಿದೆನೆಂದುಕೊಳ್ಳುವವನು ಭ್ರಾಂತ. ಆದರೆ ಆ ವಿಕೆಟ್ ತಂಡದ ಸೊತ್ತಾಗಿತ್ತೇ? ಎರಡು ಬಾರಿ ಪುಟಿದ ಚೆಂಡಿನ ಪಾಯಿಂಟ್ ಜೊತೆಗಾರನದಾಗಿತ್ತೇ? ತಪ್ಪಾಗಿ ಕೈಸೇರಿದ್ದನ್ನು ಹಿಂದಿರುಗಿಸುವುದಕ್ಕೆ ದಾನವೆಂಬ ಹೆಸರಿಲ್ಲ. ಪಾಲುದಾರಿಕೆಯ ಅಂಗಡಿಯಲ್ಲಿ ಗ್ರಾಹಕನು ಮರೆತು ಹೆಚ್ಚಿಗೆ ಕೊಟ್ಟ ನೋಟನ್ನು ಮರಳಿಸಲು ಪಾಲುದಾರನ ಅನುಮತಿ ಬೇಕಿಲ್ಲ. ತಿಳಿದ ತಪ್ಪನ್ನು ಹೇಳಲೇಬೇಕು, ಜೊತೆಗಾರನ ಮುಖ ಬಾಡಿದರೂ.

ತಿಳಿಯದ ಸಂದರ್ಭಗಳಲ್ಲಿ ಮಾತು ಬದಲಾಗುತ್ತದೆ. ಗಾಜಿನ ಗೋಡೆಯೂ ನೆಲವೂ ಸೇರುವ ಮೂಲೆಗೆ ಬಿದ್ದ ಚೆಂಡು ಮೊದಲು ಯಾವುದನ್ನು ಮುಟ್ಟಿತೆಂಬುದು ಎಷ್ಟೋ ಸಲ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಪಾಯಿಂಟನ್ನು ಮತ್ತೆ ಆಡುವುದು ಹವ್ಯಾಸಿಗಳ ರೂಢಿ. ಅದನ್ನು ಬಿಟ್ಟು, ಪ್ರತಿ ಸಂಶಯದಲ್ಲಿಯೂ ಕೈಯೆತ್ತಿ ಪಾಯಿಂಟನ್ನು ಎದುರಾಳಿಗೆ ಒಪ್ಪಿಸುವ ಕೆಲವರಿರುತ್ತಾರೆ. ಗಾಜಿನಾಚೆ ನಿಂತು ನೋಡುವವರಿಗೆ ಅವರು ಮಹಾ ಪ್ರಾಮಾಣಿಕರು. ಆದರೆ ಇಲ್ಲಿ ಕೊಡುತ್ತಿರುವುದು ನಿಜವಾಗಿಯೂ ಜೊತೆಗಾರನ ಪಾಲನ್ನು. ಕೊಂಡುಕೊಳ್ಳುತ್ತಿರುವುದು ತನ್ನೊಬ್ಬನ ಕೀರ್ತಿಯನ್ನು. ಸುಳ್ಳುಗಾರನ ದೋಷಕ್ಕಿಂತ ಇದು ಸಣ್ಣದೇನೋ ನಿಜ. ಕಂಡುಹಿಡಿಯುವುದು ಮಾತ್ರ ಅದಕ್ಕಿಂತ ಕಷ್ಟ, ಏಕೆಂದರೆ ಎಲ್ಲರೂ ಹೊಗಳುತ್ತಿರುತ್ತಾರೆ.

ಈ ವಿಷಯಗಳನ್ನು ಜೊತೆಗಾರರು ಮಾತನಾಡಿಕೊಳ್ಳಬೇಕಾದ ಸಮಯ ಕೊನೆಯ ಪಂದ್ಯದ ಕೊನೆಯ ಪಾಯಿಂಟ್ ಅಲ್ಲ. ರ‍್ಯಾಕೆಟ್ಟಿನ ಬೆಲೆ, ಅಂಕಣದ ಬಾಡಿಗೆ, ಯಾರು ಎಡಕ್ಕೆ ಯಾರು ಬಲಕ್ಕೆ ಎಂಬುದನ್ನೆಲ್ಲ ಚರ್ಚಿಸಿ ಲೀಗ್ ಸೇರುವವರು ಇದೊಂದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಕೇಳಲು ಸಂಕೋಚವಿರಬಹುದು, ಸ್ನೇಹಿತನ ಪ್ರಾಮಾಣಿಕತೆಯನ್ನು ಶಂಕಿಸಿದಂತಾಗುವುದೆಂಬ ಅಳುಕೂ ಇರಬಹುದು. ‘ತಪ್ಪಾದರೆ ನಾನು ಹೇಳಿಬಿಡುವವನು, ಒಪ್ಪಿಗೆಯೇ?’ ಎಂಬ ಒಂದು ಮಾತು ಮೊದಲೇ ಬಂದಿದ್ದರೆ, ಒಲ್ಲದವನು ಬೇರೆ ಜೊತೆ ಹುಡುಕಿಕೊಳ್ಳಲು ಸ್ವತಂತ್ರನಾಗಿರುತ್ತಾನೆ. ಒಪ್ಪಿದವನು ಆ ಪಾಯಿಂಟಿನ ನಷ್ಟದಲ್ಲಿ ತಾನಾಗಿಯೇ ಪಾಲುಗಾರನಾಗುತ್ತಾನೆ.

ಪಂದ್ಯ ಮುಗಿದ ಮೇಲೆ ನಾಲ್ವರೂ ನೆಟ್‌ನ ಬಳಿ ಬಂದು ಕೈಕುಲುಕುತ್ತಾರೆ. ಎದುರಾಳಿಗಳು ಮೆಚ್ಚಿ ಎರಡು ಮಾತನಾಡಿ ಹೊರಡುತ್ತಾರೆ. ಸೋತ ಇಬ್ಬರು ಒಂದೇ ವಾಹನದಲ್ಲಿ ಮನೆಯ ದಾರಿ ಹಿಡಿಯುತ್ತಾರೆ. ದಾರಿಯುದ್ದಕ್ಕೂ ಹೆಚ್ಚು ಮಾತಿರುವುದಿಲ್ಲ. ಕೆಲವು ವಾರಗಳ ಬಳಿಕ ಮುಂದಿನ ಋತುವಿನ ಅರ್ಜಿ ಬರುತ್ತದೆ: ಹೆಸರು, ವಯಸ್ಸು, ದೂರವಾಣಿ ಸಂಖ್ಯೆ. ಈ ಸಲ ಲೇಖನಿ ನಿಲ್ಲುವುದು ನಾಲ್ಕನೆಯ ಸಾಲಿನಲ್ಲಿ.