ಸಾಕು ಎಂಬ ಹದ

ನೆಲಕ್ಕೊಂದು ಹದವಿದೆ, ಪಾಕಕ್ಕೊಂದು ಹದವಿದೆ, ಜೋಳದ ರೊಟ್ಟಿಯ ಹಿಟ್ಟಿಗೂ ಒಂದು ಹದವಿದೆ. ಹಸಿ ಹೆಚ್ಚಿದ್ದರೆ ಮಣ್ಣು ಕುಂಟೆಗೆ ಮೆತ್ತಿಕೊಳ್ಳುತ್ತದೆ, ತೀರಾ ಒಣಗಿದರೆ ಹೆಂಟೆ ಏಳುತ್ತದೆ. ಬೆಲ್ಲದ ಪಾಕ ಒಂದು ಕುದಿ ಮೀರಿತೆಂದರೆ ಉಂಡೆ ಕಲ್ಲಾಗುತ್ತದೆ. ಇದನ್ನು ಯಾವ ತಕ್ಕಡಿಯೂ ಹೇಳಲಾರದು, ಬಲ್ಲ ಕೈ ಹೇಳುತ್ತದೆ. ದುಡಿಮೆಗೂ ಬದುಕಿಗೂ ಸಮತೋಲನ ಬೇಕೆಂದು ನಾವೀಗ ಬಹಳ ಮಾತಾಡುತ್ತೇವೆ. ಆ ಮಾತಿನೊಳಗೆ ಕೂತಿರುವುದು ತಕ್ಕಡಿ: ಈ ತಟ್ಟೆಯಲ್ಲಿ ಕಚೇರಿಯ ಗಂಟೆಗಳು, ಆ ತಟ್ಟೆಯಲ್ಲಿ ಮನೆಯ ಗಂಟೆಗಳು. ಬದುಕು ಹಾಗೆ ತೂಗಿಸಿಕೊಳ್ಳುವಂಥದ್ದೇ? ನಮಗೆ ಬೇಕಾಗಿರುವುದು ತೂಕವೋ, ಹದವೋ?

ಹೈದರಾಬಾದಿನ ಮಾದಾಪುರ, ಕೊಂಡಾಪುರ, ಗಚ್ಚಿಬೌಲಿಗಳ ಬಹುಮಹಡಿ ಮನೆಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಕಲಬುರಗಿ, ಬೀದರ್, ರಾಯಚೂರುಗಳು 1956ರವರೆಗೆ ಈ ನಗರದ ಸೀಮೆಯೇ ಆಗಿದ್ದವು. ನಮ್ಮ ಹಿರಿಯರು ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಇಲ್ಲಿಗೇ ಬರುತ್ತಿದ್ದರು. 1998ರಲ್ಲಿ ಸೈಬರ್ ಟವರ್ಸ್ ಕಟ್ಟಡ ಎದ್ದ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಕಂಪ್ಯೂಟರಿನ ಕೆಲಸ ಹುಡುಕಿ ಬಂದರು. 2020ರ ಮಾರ್ಚಿನಲ್ಲಿ, ಕೊರೊನಾ ಕಾಲಿಟ್ಟಾಗ, ಆ ಕೆಲಸವೇ ಅವರ ಬೆನ್ನು ಹತ್ತಿ ಮನೆಯೊಳಗೆ ಬಂತು. ಬಂದದ್ದು ಪೂರ್ತಿ ಹೊರಟುಹೋಗಲಿಲ್ಲ. ವಾರದಲ್ಲಿ ಕೆಲವು ದಿನ ಕಚೇರಿಯಲ್ಲಿ, ಕೆಲವು ದಿನ ಮನೆಯಲ್ಲಿ ಎಂಬುದು ಎಷ್ಟೋ ಮನೆಗಳ ರೂಢಿಯಾಯಿತು. ಮಳೆ ಜೋರಾದರೆ ಮನೆಯಿಂದಲೇ ಕೆಲಸ ಮಾಡಿ ಎಂದು ಈ ಭಾಗದ ಸೈಬರಾಬಾದ್ ಪೊಲೀಸರೇ ಸಲಹೆ ಕೊಡುವುದುಂಟು.

ಇದರಲ್ಲಿ ಒಳಿತಿಲ್ಲವೆಂದು ಯಾರು ಹೇಳಿಯಾರು? ಮಗುವಿನ ಮೊದಲ ಹೆಜ್ಜೆಯನ್ನು ಎಷ್ಟೋ ತಂದೆಯರು ಕಣ್ಣಾರೆ ಕಂಡರು. ಊರಿನಲ್ಲಿ ಒಬ್ಬರೇ ಇದ್ದ ತಾಯಿಯ ಪಕ್ಕದಲ್ಲಿ ಕೂತು ದುಡಿಯುವ ಭಾಗ್ಯ ಎಷ್ಟೋ ಮಕ್ಕಳಿಗೆ ಸಿಕ್ಕಿತು. ವಾಹನಗಳ ಸಾಲಿನಲ್ಲಿ ಸೋರಿಹೋಗುತ್ತಿದ್ದ ಗಂಟೆಗಳು ಉಳಿದವು. ಆದರೆ ಉಳಿದ ಆ ಗಂಟೆಗಳು ಯಾರ ಪಾಲಾದವು? ನಿಜ ಹೇಳಬೇಕೆಂದರೆ, ಬಹುಪಾಲು ಮತ್ತೆ ಕೆಲಸದ ಮಡಿಲಿಗೇ ಬಿದ್ದವು. ದಾರಿ ದಣಿಸುತ್ತಿತ್ತು, ಹೌದು. ಆದರೆ ಅದೇ ದಾರಿ ದುಡಿಯುವವನನ್ನು ಮೆಲ್ಲಗೆ ಗಂಡನನ್ನಾಗಿ, ತಂದೆಯನ್ನಾಗಿ, ಮಗನನ್ನಾಗಿ ಮಾಡಿ ಮನೆಗೆ ಕಳಿಸುತ್ತಿತ್ತು. ಈಗ ಒಂದು ಕುರ್ಚಿಯಿಂದ ಎದ್ದು ಇನ್ನೊಂದು ಕುರ್ಚಿಗೆ ಬರುವಷ್ಟರಲ್ಲಿ ಮನಸ್ಸು ಅಷ್ಟು ದೂರ ನಡೆದು ಬರಬಲ್ಲದೇ?

ಹಾಗೆಂದು ಮನೆಯಲ್ಲಿ ದುಡಿಯುವುದು ನಮಗೆ ಹೊಸದೂ ಅಲ್ಲ. ಈ ನಗರಕ್ಕೆ ಹತ್ತಿರದ ಪೋಚಂಪಲ್ಲಿಯಲ್ಲಿ ಮನೆಯೇ ಮಗ್ಗದ ಮನೆ. ನೂಲಿಗೆ ಗಂಟು ಕಟ್ಟುವುದರಿಂದ ನೇಯುವವರೆಗೆ ಮನೆಮಂದಿಯೆಲ್ಲ ಅದರಲ್ಲಿ ಕೈಯಾಡಿಸುತ್ತಾರೆ. ನಮ್ಮ ಇಳಕಲ್ಲಿನ ಗುಂಡಿಮಗ್ಗಗಳೂ ಮನೆಯೊಳಗಿನವೇ. ಅಲ್ಲಿ ಬಡತನವಿತ್ತು, ಬೆನ್ನುನೋವಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೂ ಆ ದುಡಿಮೆಗೆ ತನ್ನದೇ ಆದ ನಿಲುಗಡೆಗಳಿದ್ದವು. ಬೆಳಕು ಇಳಿದರೆ ಎಳೆ ಕಾಣುತ್ತಿರಲಿಲ್ಲ. ಹಾಸು ಮುಗಿದರೆ ಸೀರೆ ಮುಗಿಯುತ್ತಿತ್ತು. ಹೊಲದಲ್ಲೂ ಅಷ್ಟೇ: ನಮ್ಮ ಸೀಮೆಯ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ವಾರ. ಎತ್ತಿಗೆ ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ಬಲ್ಲ ನಾವು, ನಮ್ಮ ಹೆಗಲಿನ ನೊಗವನ್ನು ಮರೆತದ್ದು ಯಾವಾಗ?

ಇಂದಿನ ಕೆಲಸಕ್ಕೆ ಸಂಜೆ ಇಲ್ಲ. ಪರದೆ ತನ್ನ ಬೆಳಕನ್ನು ತಾನೇ ತರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ರಾತ್ರಿಯ ತಾಟು ಹಾಕಿರುತ್ತಾರೆ. ಅತ್ತ ಯಾರೋ ಮೀಟಿಂಗಿಗೆ ಕರೆಯುತ್ತಾರೆ, ಇತ್ತ ರೊಟ್ಟಿ ಆರುತ್ತದೆ. ದಿನಕ್ಕೆ ಎಂಟು ಗಂಟೆ ಎಂಬ ಅಳತೆಯನ್ನು ಜಗತ್ತಿನ ಕಾರ್ಮಿಕರು ಹೋರಾಡಿ ಪಡೆದರು. 1919ರಲ್ಲಿ ಅದು ಅಂತರರಾಷ್ಟ್ರೀಯ ಒಪ್ಪಂದವೂ ಆಯಿತು. ಆದರೆ ಆ ಅಳತೆ ಕಾರ್ಖಾನೆಯ ಗೇಟನ್ನು ನಂಬಿಕೊಂಡಿತ್ತು. ಗೇಟೇ ಇಲ್ಲದ ಕಡೆ ಗಂಟೆ ಬಾರಿಸುವವರು ಯಾರು? ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ ಕಾನೂನಾಗಿ ಜಾರಿಗೆ ತಂದಿತು. ಅಂಥದೇ ಒಂದು ಖಾಸಗಿ ಮಸೂದೆ 2018ರಲ್ಲಿ ನಮ್ಮ ಲೋಕಸಭೆಯಲ್ಲೂ ಮಂಡನೆಯಾಯಿತು, ಆದರೆ ಕಾನೂನಾಗಲಿಲ್ಲ. ಕಾನೂನು ಬೇಕು, ಕೆಳಗಿನ ನೌಕರನೊಬ್ಬನೇ ಮೇಲಿನವರಿಗೆ ಇಲ್ಲ ಎನ್ನಲಾರ. ಆದರೂ ಕಾನೂನು ಬಾಗಿಲವರೆಗೆ ಬಂದೀತು, ಮನಸ್ಸಿನೊಳಗೆ ಬಂದೀತೇ?

ಇನ್ನೊಂದು ಮಾತನ್ನೂ ನಾವು ನಮ್ಮಷ್ಟಕ್ಕೆ ಒಪ್ಪಿಕೊಳ್ಳಬೇಕು. ಕೊನೆಯಿಲ್ಲದ ದುಡಿಮೆ ಮನೆಗೆ ಬಂದದ್ದು 2020ರಲ್ಲಲ್ಲ. ಅಡುಗೆಮನೆಯಲ್ಲಿ ಅದು ಎಂದಿನಿಂದಲೂ ಇತ್ತು. ರಜೆಯಿಲ್ಲದೆ, ಸಂಬಳವಿಲ್ಲದೆ, ಸಂಜೆಯಿಲ್ಲದೆ ನಮ್ಮ ತಾಯಂದಿರು ಅಲ್ಲಿ ದುಡಿದರು. ನಾವು ಅದನ್ನು ಕೆಲಸವೆಂದೂ ಕರೆಯಲಿಲ್ಲ. ಇಂದು ಸೊಸೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಣ್ಣು ಕುಕ್ಕರಿನ ಮೇಲೆ ಇಟ್ಟಿರುವಾಗ, ಮಗ ಬಾಗಿಲು ಹಾಕಿಕೊಂಡು ಕೂತರೆ ಆ ಮನೆಯಲ್ಲಿ ಹದ ಬಂದೀತೇ? ಒಬ್ಬರ ಬಿಡುವು ಇನ್ನೊಬ್ಬರ ಹೊರೆಯಾದರೆ ಅದು ಬಿಡುವಲ್ಲ, ಸಾಲ. ಆ ಸಾಲವನ್ನು ತೀರಿಸಲು ಹಿಟ್ಟು ನಾದುವ ಕೈ, ಪಾತ್ರೆ ತೊಳೆಯುವ ಕೈ ಎರಡಾಗಬೇಕು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿ ಲಕ್ಕಮ್ಮ ಮತ್ತು ಮಾರಯ್ಯ. ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿದಳು. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದ ಕಾಲವೇ ಅದಕ್ಕೊಂದು ಅಳತೆಯನ್ನೂ ಹಾಕಿಕೊಟ್ಟಿತು. ನಾವು ಕಾಯಕದ ಮಾತನ್ನು ಉಳಿಸಿಕೊಂಡು ಅಳತೆಯ ಮಾತನ್ನು ಬಿಟ್ಟುಕೊಟ್ಟೆವೇ?

ಹದ ಅರಿತ ಮನೆಗೆ ದೊಡ್ಡ ಏರ್ಪಾಡು ಬೇಕಿಲ್ಲ. ಉಣ್ಣುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡದಿರುವುದು; ಕೆಲಸಕ್ಕೆ ಒಂದು ಮೂಲೆ, ಆ ಮೂಲೆಗೆ ಒಂದು ಹೊತ್ತು; ಆ ಹೊತ್ತು ಮುಗಿದ ಮೇಲೆ ಕಾಲಿಗೆ ಚಪ್ಪಲಿ ಮೆಟ್ಟಿ ಒಂದಿಷ್ಟು ದೂರ ನಡೆದು, ಕಳೆದುಹೋದ ದಾರಿಯನ್ನು ಮತ್ತೆ ಗಳಿಸಿಕೊಳ್ಳುವುದು. ಇವು ಸಣ್ಣವು. ದೊಡ್ಡದು ಒಂದೇ: ಇಂದಿಗೆ ಇಷ್ಟು ಸಾಕು ಎಂದು ಮನೆಯವರು ಹೇಳುವ ಮಾತನ್ನು ಅಡ್ಡಿಯೆಂದು ತಿಳಿಯದೆ ಆಲಿಸುವುದು.

ಮಾರಯ್ಯ ವಾದ ಹೂಡಬಹುದಿತ್ತು. ತನ್ನ ಬೆನ್ನು ಬಗ್ಗಿಸಿ ಆಯ್ದ ಅಕ್ಕಿ, ಕದ್ದದ್ದಲ್ಲ ಎನ್ನಬಹುದಿತ್ತು. ಅವನು ಹೆಂಡತಿಯ ಮಾತು ಕೇಳಿ, ಹೆಚ್ಚು ತಂದದ್ದನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದ. ಲಕ್ಕಮ್ಮನಂಥ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ; ಕೆಲವೊಮ್ಮೆ ಹೆಂಡತಿಯ ದನಿಯಲ್ಲಿ, ಕೆಲವೊಮ್ಮೆ ಗಂಡನ ದನಿಯಲ್ಲಿ, ಕೆಲವೊಮ್ಮೆ ಬಾಗಿಲ ಬಳಿ ಬಂದು ನಿಂತ ಮಗುವಿನ ಮೌನದಲ್ಲಿ. ಅದನ್ನು ಕೇಳಿ ಏಳುವ ಮಾರಯ್ಯ ನಮ್ಮೊಳಗೆ ಇದ್ದಾನೆಯೇ?